‘ಆರ್ಥಿಕ ಕಾರಣ’ ಎಂದು ಬರೆಯುವ ಮುನ್ನ

ಆಶ್ರಯದ ಅರ್ಜಿಗಾಗಿ ನಿರಾಶ್ರಿತರ ಹೇಳಿಕೆ ಬರೆದುಕೊಳ್ಳುವ ಕಿರಿಯ ವಕೀಲರ ಒಂದು ಅಭ್ಯಾಸ ನನ್ನ ತಾಳ್ಮೆ ಕೆಡಿಸುತ್ತದೆ. ಊರು ಬಿಟ್ಟಿದ್ದೇಕೆ ಎಂದು ಕೇಳುತ್ತಾರೆ. ಎದುರಿಗೆ ಕುಳಿತವರು ‘ಜೀವನ ನಡೆಯಲಿಲ್ಲ, ಅಯ್ಯಾ’ ಎಂದ ಕೂಡಲೇ ‘ಆರ್ಥಿಕ ಕಾರಣ’ ಎಂದು ಬರೆದು ಹಾಳೆ ಮಗುಚುತ್ತಾರೆ.

ಜೀವನ ನಡೆಯದಂತೆ ಮಾಡಿದ್ದು ಯಾವುದು? ಶ್ರೀಲಂಕಾದ ಉತ್ತರ ಭಾಗವನ್ನೇ ನೋಡಿ. 1990ರಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡ ಮೇಲೆ, ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಹಿಡಿತದ ಪ್ರದೇಶಗಳಿಗೆ ಇಂಧನ, ಸಿಮೆಂಟ್, ರಸಗೊಬ್ಬರ, ಬ್ಯಾಟರಿಗಳು ಹೋಗದಂತೆ ಸರ್ಕಾರ ತಡೆಯಿತು. ಔಷಧಿಗೂ ಮಿತಿ ಬಿತ್ತು. ಗೊಬ್ಬರವಿಲ್ಲದೆ ಗದ್ದೆ ಸೊರಗಿತು. ದೋಣಿಯ ಎಂಜಿನ್‌ಗೆ ಎಣ್ಣೆಯಿಲ್ಲ, ಎಣ್ಣೆ ಸಿಕ್ಕರೂ ಕಡಲಿಗಿಳಿಯಲು ನೌಕಾಪಡೆಯ ನಿರ್ಬಂಧ. ಮನೆಯ ಮೇಲೆ ಒಂದೂ ಷೆಲ್ ಬೀಳದ ಮೀನುಗಾರನೂ ಹೀಗೆ ಸಾಲಕ್ಕೆ ಬಿದ್ದ. ಆ ಸಾಲ ಯುದ್ಧದ್ದೇ.

ಜನ ಒಮ್ಮೆಗೇ ಗಡಿ ದಾಟುವುದೂ ಇಲ್ಲ. 1995ರ ಅಕ್ಟೋಬರ್ ಕೊನೆಯಲ್ಲಿ ಸೇನೆ ಜಾಫ್ನಾ ನಗರದತ್ತ ಬಂದಾಗ, ಎಲ್‌ಟಿಟಿಇ ಆದೇಶದಂತೆ ಲಕ್ಷಾಂತರ ಜನ ಪೂರ್ವಕ್ಕಿರುವ ತೆನ್ಮರಾಚ್ಚಿ ಪ್ರದೇಶದತ್ತ ನಡೆದರು. ಹಲವರು ಹಿನ್ನೀರು ದಾಟಿ ದಕ್ಷಿಣದ ಕಿಳಿನೊಚ್ಚಿ ಪಟ್ಟಣ ಸೇರಿದರು. 1996ರಲ್ಲಿ ಅದೂ ಸೇನೆಯ ವಶವಾಯಿತು. ಅಲ್ಲಿಂದ ಮಡು ಚರ್ಚಿನ ಆವರಣ, ಮನ್ನಾರ್ ಕರಾವಳಿ, ಕೊನೆಗೆ ರಾಮೇಶ್ವರ. ‘ಮನ್ನಾರಿನಲ್ಲಿ ಆ ವಾರ ಕದನವಿರಲಿಲ್ಲವಲ್ಲ’ ಎಂದು ಪ್ರಶ್ನಿಸುವವರು ಕೊನೆಯ ಹೆಜ್ಜೆಯನ್ನಷ್ಟೇ ನೋಡುತ್ತಾರೆ.

2006ರ ನಂತರ ಬಂದಿದ್ದ ಅಜ್ಜಿಯೊಬ್ಬರು ನನ್ನೊಡನೆ ಬಹಳ ಹೊತ್ತು ಆಡುಗಳ ಬಗ್ಗೆಯೇ ಮಾತನಾಡಿದರು. ಒಂದೊಂದರ ಹೆಸರೂ ಅವರಿಗೆ ನೆನಪಿತ್ತು. ಎಲ್ಲವನ್ನೂ ಮಾರಿ ಬರಿಗೈಯಾದೆವು ಎಂದರು. ಯಾಕೆ ಮಾರಿದಿರಿ ಎಂದು ಕೇಳಿದ ಮೇಲಷ್ಟೇ ಉಳಿದದ್ದು ಹೊರಬಂತು: ಎಲ್‌ಟಿಟಿಇ ಹೋರಾಟಗಾರರು ತಮ್ಮ ಪಡೆಗೆ ಮನೆಗೊಬ್ಬರನ್ನು ಕೇಳುತ್ತಿದ್ದರು, ಆಡು ಮಾರಿದ ಹಣ ಮೊಮ್ಮಗನನ್ನು ದೋಣಿ ಹತ್ತಿಸಲು ಹೋಯಿತು. ಮಗುವನ್ನು ಉಳಿಸಿಕೊಂಡದ್ದು ಹೇಳಿಕೆಗೆ ಸಲ್ಲುವ ಸಂಗತಿ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ಬಡತನ ಹೇಳಿಕೊಂಡವರೆಲ್ಲ ನಿರಾಶ್ರಿತರೆಂದು ನಾನು ವಾದಿಸುತ್ತಿಲ್ಲ. ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಡಂಬಡಿಕೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಇವುಗಳ ಕಾರಣದ ಕಿರುಕುಳದ ಭಯವನ್ನು ಕೇಳುತ್ತದೆ. ಯುದ್ಧದ ಸಂಕಟವೆಲ್ಲ ಆ ಚೌಕಟ್ಟಿಗೆ ಹೊಂದುವುದಿಲ್ಲ. ಭಾರತವಂತೂ ಅದಕ್ಕೆ ಸಹಿಯನ್ನೇ ಹಾಕಿಲ್ಲ. ಪ್ರತಿ ಪ್ರಕರಣವನ್ನೂ ಬಿಡಿಯಾಗಿಯೇ ತೂಗಬೇಕು. ಆದರೆ ತೂಗಲು ಸಂಗತಿಗಳು ಕಡತದಲ್ಲಿರಬೇಕಲ್ಲ? ಮೀನು ಹಿಡಿಯುವುದು ಯಾಕೆ ನಿಂತಿತು, ಸಾಲ ಯಾವುದಕ್ಕೆ, ಇದಕ್ಕೂ ಮೊದಲು ಎಷ್ಟು ಸಲ ಮನೆ ಬಿಟ್ಟಿರಿ ಎಂದು ಮೊದಲ ದಿನವೇ ಕೇಳಿ ಬರೆದುಕೊಳ್ಳಿ. ಮೇಲ್ಮನವಿಯಲ್ಲಿ ಅದೇ ಸಂಗತಿ ಹೊಸದಾಗಿ ಕಾಣಿಸಿಕೊಂಡರೆ, ಅರ್ಜಿದಾರರು ಕಥೆ ಬದಲಾಯಿಸಿದ್ದಾರೆ ಎಂದೇ ತೀರ್ಮಾನಿಸುವವರು ಓದುತ್ತಾರೆ.