ಬಿಳಿಯ ಎರಡು ನಡೆ ಎಲ್ಲಿ ಹೋದವು? ರೋಟ್ಲೆವಿ–ರೂಬಿನ್‌ಸ್ಟೈನ್, 1907

ಡಿ4 ನಡೆಯಿಂದ ಶುರುವಾಗಿ ಕಪ್ಪು ಗೆದ್ದ ಚೆಸ್ ಆಟಗಳಲ್ಲಿ ನಾನು ಮತ್ತೆ ಮತ್ತೆ ಹೂಡಿ ನೋಡುವುದು ಇದನ್ನೇ. ಊರು ಲೋಡ್ಜ್. ಈಗ ಪೋಲೆಂಡಿನಲ್ಲಿದೆ, ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು. ಕಪ್ಪು ಕಾಯಿ ಅಕಿಬಾ ರೂಬಿನ್‌ಸ್ಟೈನ್ ಅವರದ್ದು, ಬಿಳಿ ರೋಟ್ಲೆವಿ ಅವರದ್ದು. ಎಲ್ಲರೂ ನೇರವಾಗಿ ಕೊನೆಯ ಬಲಿಗಳಿಗೆ ಹೋಗುತ್ತಾರೆ. ಆದರೆ ಆಟದ ಗುಟ್ಟು 15ನೇ ನಡೆಯಲ್ಲೇ ಇದೆ.

ಟರಾಶ್ ಡಿಫೆನ್ಸ್ ಎಂಬ ಆರಂಭ ಕ್ರಮದಲ್ಲಿ ಆಡಿದ ಆಟ. 15ರಲ್ಲಿ ಬಿಳಿ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ಸಲ ಸರಿಸುವ ನಡೆ) ಮಾಡಿದಾಗ ನಿಲ್ಲಿಸಿ, ಎರಡೂ ಕಡೆ ಹೋಲಿಸಿ. ಕನ್ನಡಿ ಇಟ್ಟ ಹಾಗಿದೆ, ಅಲ್ವಾ? ಒಂದೇ ವ್ಯತ್ಯಾಸ: ಕಪ್ಪಿನ ಆನೆ (ರೂಕ್) ಆಗಲೇ ಡಿ8ಕ್ಕೆ ಬಂದಿದೆ. ಜೊತೆಗೆ ಸರದಿಯೂ ಕಪ್ಪಿನದೇ. ಮೊದಲು ನಡೆಸಿದ್ದು ಬಿಳಿ, ಆದರೂ ಎರಡು ನಡೆ ಹಿಂದೆ! ಒಂದು ರಾಣಿಯಿಂದ ಹೋಯಿತು: ಡಿ2ಕ್ಕೆ ಬಂದು, ಆಮೇಲೆ ಇ2ಕ್ಕೆ. ಇನ್ನೊಂದು ಒಂಟೆಯಿಂದ (ಬಿಷಪ್): ಡಿ3, ಸಿ4ರಲ್ಲಿ ಹೊಡೆತ, ಮತ್ತೆ ಡಿ3. ಮೂರು ನಡೆ. ಕಪ್ಪಿನ ಒಂಟೆ ಸಿ5ರಲ್ಲಿ ಹೊಡೆದು ಡಿ6ಕ್ಕೆ ಬರಲು ಎರಡೇ ಸಾಕಾಯಿತು.

ನಂತರ ರೋಟ್ಲೆವಿ ಎಫ್4, ಇ4, ಇ5 ಎಂದು ಕಾಲಾಳು ನೂಕಿದರು. ಅದರಿಂದ ರಾಜನ ಕಡೆಗೆ ಓರೆಗೆರೆ ತೆರೆದುಕೊಂಡಿತು. 19ರಲ್ಲಿ ಕಪ್ಪು ಒಂಟೆ ಬಿ6ರಿಂದ ಚೆಕ್ ಕೊಟ್ಟಿತು, ರಾಜ ಎಚ್1ಕ್ಕೆ ಹೋದ. ಕುದುರೆ ಜಿ4ಕ್ಕೆ ಹಾರಿತು. ಬಿ7ರ ಒಂಟೆಯನ್ನು ತಡೆಯಲು ಬಿಳಿ ತನ್ನ ಒಂಟೆಯನ್ನು ಇ4ರಲ್ಲಿಟ್ಟಿತು. ರಾಣಿ ಎಚ್4ಕ್ಕೆ ಬಂತು, ಬಿಳಿ ಜಿ3 ಆಡಿ ಅದನ್ನು ಕೆಣಕಿತು.

ಇಲ್ಲಿ ತಾಳ್ಮೆಯಿಂದ ನೋಡಿ. ಇ4ರ ಒಂಟೆಗೆ ಇಬ್ಬರು ಕಾವಲು: ಸಿ3ರ ಕುದುರೆ, ಇ2ರ ರಾಣಿ. 22ರಲ್ಲಿ ಆನೆ ಕುದುರೆಯನ್ನೇ ಹೊಡೆಯಿತು, ತನ್ನ ರಾಣಿಯನ್ನು ಹಾಗೇ ಬಿಟ್ಟು! ಬಿಳಿ ಒಂಟೆ ಆ ಆನೆಯನ್ನು ಹೊಡೆದರೆ? ಕಪ್ಪು ಇ4ರಲ್ಲಿ ಹೊಡೆದು ಚೆಕ್ ಕೊಡುತ್ತದೆ. ರಾಣಿ ಮರಳಿ ಹೊಡೆದರೆ ಎಚ್2ರ ಕಾವಲು ತಪ್ಪಿ ಅಲ್ಲೇ ಮೇಟ್. ರೋಟ್ಲೆವಿ ರಾಣಿಯನ್ನೇ ಹೊಡೆದರು. ಆಗ ಇನ್ನೊಂದು ಆನೆ ಡಿ2ಕ್ಕೆ. ನನಗೆ ತುಂಬಾ ಇಷ್ಟವಾದ ನಡೆ ಇದು. ಬಿಳಿ ರಾಣಿ ಅದನ್ನು ಹೊಡೆಯಿತು, ಇ4ರ ಎರಡನೇ ಕಾವಲೂ ಹೋಯಿತು. ಒಂಟೆ ಇ4ರಲ್ಲಿ ಹೊಡೆದು ಚೆಕ್ ಕೊಟ್ಟಿತು. ರಾಣಿ ಅಡ್ಡಕ್ಕೆ ಜಿ2ಕ್ಕೆ ಬಂತು, ಆನೆ ಸಿ3ರಿಂದ ಎಚ್3ಕ್ಕೆ ಸರಿಯಿತು. ರಾಣಿಯನ್ನು ಒಂಟೆ ಕಟ್ಟಿಹಾಕಿದೆ, ಎಚ್2ಕ್ಕೆ ಕುದುರೆಯ ಬೆಂಬಲವಿದೆ, ಜಿ1 ಬಿ6ರ ಒಂಟೆಯ ಹಿಡಿತದಲ್ಲಿದೆ. ರೋಟ್ಲೆವಿ ಅಲ್ಲಿಗೆ ಸೋಲೊಪ್ಪಿದರು. ಬಿಳಿ ಆನೆ ಎಫ್3ಕ್ಕೆ ಬಂದರೂ ಒಂಟೆ ಅದನ್ನು ಹೊಡೆಯುತ್ತದೆ, ಮುಂದಿನ ನಡೆಗೆ ಎಚ್2ರಲ್ಲಿ ಮೇಟ್.