ಪಕ್ಕದ ಕೋಣೆಯ ಚಿತ್ರಗಳು: ಲಂಡನ್ನಿನ ಬೆನ್ ಉರಿ ಗ್ಯಾಲರಿಯ ಹಿನ್ನೆಲೆ

2018ರಲ್ಲಿ, ಯಹೂದಿ ಕಲಾವಿದರಿಗೆಂದು ಹುಟ್ಟಿದ ಲಂಡನ್ನಿನ ಬೆನ್ ಉರಿ ಗ್ಯಾಲರಿ ತನ್ನ ಸಂಗ್ರಹದ ಕೆಲವು ಚಿತ್ರಗಳನ್ನು ಹರಾಜಿಗಿಟ್ಟಾಗ, ಸಲಹಾ ಸಮಿತಿಯ ಕೆಲವರು ಬೇಸತ್ತು ಹೊರನಡೆದರು. ಹೊರಗಿನವರಿಗೆ ಇದು ಬರೀ ದುಡ್ಡಿನ ಜಗಳ. ಆದರೆ ಸಮುದಾಯದ ಗ್ಯಾಲರಿ ಯಾರದು, ಅದರ ಗೋಡೆಯ ಮೇಲೆ ಯಾರ ಚಿತ್ರ ಇರಬೇಕು ಎಂಬ ತಕರಾರು ಆ ಗ್ಯಾಲರಿಗಿಂತಲೂ ಹಳೆಯದು.

1881ರ ನಂತರ ರಷ್ಯಾ ಸಾಮ್ರಾಜ್ಯದ ಹಲ್ಲೆಗಳಿಗೂ ಪೂರ್ವ ಯುರೋಪಿನ ಬಡತನಕ್ಕೂ ಬೆದರಿ ಹಡಗು ಹತ್ತಿದ ಯಹೂದಿಗಳಲ್ಲಿ ಬಹಳ ಮಂದಿ ಲಂಡನ್ನಿನ ಪೂರ್ವ ಭಾಗದ ವೈಟ್‌ಚಾಪೆಲ್ ಸುತ್ತ ನೆಲೆ ನಿಂತರು. ಮುಂದೆ ಚಿತ್ರಕಾರರಾದ ಇಬ್ಬರು ಹುಡುಗರು ಅಲ್ಲಿಯವರೇ: ಮಾರ್ಕ್ ಗರ್ಟ್ಲರನ ಅಪ್ಪನದು ತುಪ್ಪಳದ ಕೆಲಸ, ಡೇವಿಡ್ ಬಾಂಬರ್ಗನ ಅಪ್ಪನದು ಚರ್ಮದ ಕೆಲಸ. ಮನೆಯಲ್ಲಿ ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿದ್ದಿಷ್, ಬೀದಿಯಲ್ಲಿ ಇಂಗ್ಲಿಷ್. 1901ರಲ್ಲಿ ಅಲ್ಲೇ ವೈಟ್‌ಚಾಪೆಲ್ ಆರ್ಟ್ ಗ್ಯಾಲರಿ ತೆರೆಯಿತು. ಒಳಗೆ ಹೋಗಲು ಕಾಸು ಬೇಕಿರಲಿಲ್ಲ. ಪಕ್ಕದ ಗ್ರಂಥಾಲಯದಲ್ಲಿ ಈ ಹುಡುಗರು ಸಂಜೆಗಳನ್ನು ಕಳೆದರು. ಯಹೂದಿ ಸಂಘವೊಂದು ಕೊಟ್ಟ ಸಾಲದಿಂದ ಇವರಿಬ್ಬರೂ ಸ್ಲೇಡ್ ಕಲಾಶಾಲೆ ಸೇರಿದರು.

1914ರ ಮೇ ತಿಂಗಳಲ್ಲಿ ವೈಟ್‌ಚಾಪೆಲ್ ಗ್ಯಾಲರಿ ಹೊಸ ಕಲೆಯ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅದರಲ್ಲಿ ‘ಯಹೂದಿ ವಿಭಾಗ’ ಎಂದು ಬೇರೆಯಾಗಿಯೇ ಒಂದು ಸಣ್ಣ ಕೋಣೆ. ಅಲ್ಲಿಗೆ ಚಿತ್ರ ಆರಿಸುವ ಹೊಣೆ 23 ವರ್ಷದ ಬಾಂಬರ್ಗನದು. ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಜತೆ ಪ್ಯಾರಿಸ್ಸಿಗೆ ಹೋಗಿ ಇಟಲಿಯ ಯಹೂದಿ ಕಲಾವಿದ ಮೊದಿಗ್ಲಿಯಾನಿಯಂಥವರ ಕೃತಿಗಳನ್ನು ಹುಡುಕಿ ತಂದ. ನೆರೆಕೇರಿಯ ಗೆಳೆಯರ ಚಿತ್ರಗಳ ಸಾಲಿನಲ್ಲೇ ತೂಗುಹಾಕಿದ. ಬೇರೆ ಕೋಣೆ ಕೊಟ್ಟಿದ್ದು ಮರ್ಯಾದೆಯೋ, ಬೇಲಿಯೋ? ನನಗನ್ನಿಸುವುದು ಎರಡೂ. ಅದೇ ವರ್ಷ ಬಾಂಬರ್ಗ್ ಬ್ರಿಕ್ ಲೇನಿನ ಯಹೂದಿ ಸ್ನಾನಗೃಹವನ್ನು ನೆನೆದು ‘ದಿ ಮಡ್ ಬಾತ್’ ಬರೆದ. ಅದರಲ್ಲಿ ಮೈಗಳೆಲ್ಲ ಬಿಳಿ, ನೀಲಿ ಕೋನಗಳು. ಕೇರಿಯ ಚಿತ್ರ ಹೌದು, ಕೇರಿಯವರಿಗೇ ಗುರುತು ಸಿಗುವಂತಿರಲಿಲ್ಲ.

ಮರುವರ್ಷ, 1915ರ ಜುಲೈಯಲ್ಲಿ, ವೈಟ್‌ಚಾಪೆಲ್‌ನ ಒಂದು ಹೋಟೆಲಿನಲ್ಲಿ ಸೇರಿದ ಯಿದ್ದಿಷ್ ಮಾತಾಡುವ ಕೆಲವರು ಬೆನ್ ಉರಿ ಸಂಘ ಕಟ್ಟಿದರು. ಮುಂದಾಳು ರಷ್ಯಾದಿಂದ ಬಂದ ಕಲಾವಿದ ಲಜಾರ್ ಬರ್ಸನ್. ಬೈಬಲ್ಲಿನಲ್ಲಿ ದೇವಗುಡಾರದ ಕೆಲಸ ಮಾಡಿದ ಕುಶಲಕರ್ಮಿ ಬೆಜಲೇಲ್ ಬೆನ್ ಉರಿಯ ಹೆಸರೇ ಸಂಘಕ್ಕೆ. (ನಮ್ಮ ‘ಉರಿ’ಗೂ ಇದಕ್ಕೂ ನಂಟಿಲ್ಲ. ಆದರೂ ಹೀಬ್ರೂವಿನಲ್ಲಿ ‘ಉರಿ’ ಎಂದರೆ ‘ನನ್ನ ಬೆಳಕು’!) ಬರ್ಸನ್ ಮರುವರ್ಷವೇ ಅಮೆರಿಕಕ್ಕೆ ಹೋದ. ಅದೇ ಕೇರಿಯ, ಕಲಾವಿದನೂ ಕವಿಯೂ ಆಗಿದ್ದ ಐಸಾಕ್ ರೋಸೆನ್‌ಬರ್ಗ್ 1918ರ ಏಪ್ರಿಲ್ 1ರಂದು ಯುದ್ಧದಲ್ಲಿ ಸತ್ತ. ಸಂಘ ಮಾತ್ರ ಉಳಿಯಿತು. 1920ರಲ್ಲಿ ಬಾಂಬರ್ಗನ ‘ಘೆಟ್ಟೋ ಥಿಯೇಟರ್’ ಕೊಂಡಿತು, 1925ರಲ್ಲಿ ಗ್ರೇಟ್ ರಸೆಲ್ ಬೀದಿಯಲ್ಲಿ ಸ್ವಂತ ಗ್ಯಾಲರಿ ತೆರೆಯಿತು.

ಮುಂದಿನ ದಶಕಗಳು ಮನೆ ಬದಲಿಸುವುದರಲ್ಲೇ ಕಳೆದವು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ, ಊರು ಭಾಷೆ ಎರಡೂ ಹೊಸದಾಗಿದ್ದ ಕಲಾವಿದರಿಗೆ ಇಲ್ಲಿ ಗೋಡೆ ಸಿಕ್ಕಿತು. 1984ರಲ್ಲಿ ಬೆನ್ ಉರಿಯ ಸಂಗ್ರಹದಲ್ಲಿದ್ದ ಗರ್ಟ್ಲರನ ‘ಮೆರಿ ಗೋ ರೌಂಡ್’ ಲಂಡನ್ನಿನ ದೊಡ್ಡ ಟೇಟ್ ಗ್ಯಾಲರಿ ಪಾಲಾಯಿತು. 1916ರ ಆ ಚಿತ್ರದಲ್ಲಿ ಸೈನಿಕರು, ಹೆಂಗಸರು ಬಾಯಿ ತೆರೆದು ಕಿರುಚುತ್ತ ಗಿರಗಿರನೆ ತಿರುಗುತ್ತಾರೆ. ಈಗ ಅದನ್ನು ಹೆಚ್ಚು ಜನ ನೋಡುತ್ತಾರೆ, ನಿಜ. 1990ರ ದಶಕದ ನಡುವೆ ಗ್ಯಾಲರಿ ಇದ್ದ ಡೀನ್ ಬೀದಿಯ ಜಾಗವೂ ಕೈತಪ್ಪಿತು. ಸಂಗ್ರಹ ಇತ್ತು, ಗೋಡೆ ಇರಲಿಲ್ಲ.

2000ದ ನಂತರ ಬೌಂಡರಿ ರಸ್ತೆಯ ಸಣ್ಣ ಜಾಗದಲ್ಲಿ ಬಾಗಿಲು ತೆರೆದ ಸಂಸ್ಥೆ, ಕ್ರಮೇಣ ಯಹೂದಿಗಳಷ್ಟೇ ಅಲ್ಲದೆ ಬ್ರಿಟನ್ನಿಗೆ ವಲಸೆ ಬಂದ ಎಲ್ಲ ಕಲಾವಿದರನ್ನೂ ತನ್ನ ವಿಷಯ ಮಾಡಿಕೊಂಡಿತು. ವಲಸೆ, ಅಧ್ಯಯನ, ಅಂತರ್ಜಾಲ: ಮುಂದಿನ ದಾರಿ ಇದು, ಅದಕ್ಕೆ ಹಣ ಬೇಕು ಎಂಬುದು 2018ರ ಹರಾಜಿನ ಪರವಾದ ವಾದ. ನಂಬಿಕೆಯ ಮೇಲೆ ಬಂದುದನ್ನು ಮಾರಬಾರದು ಎಂಬುದು ಇನ್ನೊಂದು. ಮೊದಲ ವಾದದ ಲೆಕ್ಕಾಚಾರ ನನಗೂ ಅರ್ಥವಾಗುತ್ತದೆ. ಆದರೆ ಬೇರೆಲ್ಲೂ ಗೋಡೆ ಸಿಗದಿದ್ದ ದಿನಗಳಲ್ಲಿ ಇಲ್ಲಿ ತೂಗಿದ ಚಿತ್ರ, ಬೆಲೆ ಬಂದ ಮೇಲೆ ಇಲ್ಲಿಂದಲೇ ಹೊರಡುವುದನ್ನು ನೋಡುವಾಗ ಕಸಿವಿಸಿಯಾಗುತ್ತದೆ.

‘ಘೆಟ್ಟೋ ಥಿಯೇಟರ್’ನಲ್ಲಿ ವೇದಿಕೆಯೇ ಕಾಣುವುದಿಲ್ಲ. ಯಿದ್ದಿಷ್ ನಾಟಕ ನೋಡಲು ಬಂದು ಮೇಲಿನ ಅಟ್ಟದಲ್ಲಿ ಕಂಬಿಗೆ ಒರಗಿ, ಒತ್ತಿಕೊಂಡು ಕೂತ ಜನ ಮಾತ್ರ.