ಘಾನಾದ ಸಂಪುಟ ಪುನಾರಚನೆ: ಒಬ್ಬರಿಗೆ ಅಂದೇ ಖಾತೆ, ಇನ್ನೊಬ್ಬರಿಗೆ ತಿಂಗಳ ಕಾಯುವಿಕೆ ಯಾಕೆ?

ಓದುಗರ ಪ್ರಶ್ನೆ: ಘಾನಾದಲ್ಲಿ ಅಧ್ಯಕ್ಷರು ಸಂಪುಟ ಪುನಾರಚನೆ ಮಾಡಿದಾಗ ಕೆಲವರು ತಕ್ಷಣ ಹೊಸ ಖಾತೆ ವಹಿಸಿಕೊಳ್ಳುತ್ತಾರೆ. ಅದೇ ಪಟ್ಟಿಯಲ್ಲಿರುವ ಇನ್ನು ಕೆಲವರು ವಾರಗಟ್ಟಲೆ ಕಾಯುತ್ತಾರೆ. ಒಂದೇ ಪಟ್ಟಿಗೆ ಎರಡು ನಿಯಮ ಯಾಕೆ?

ಉತ್ತರ: ಘಾನಾದಲ್ಲಿ ಅಧ್ಯಕ್ಷರು ಹೆಸರು ಘೋಷಿಸಿದ ಮಾತ್ರಕ್ಕೆ ಯಾರೂ ಸಚಿವರಾಗುವುದಿಲ್ಲ. 1992ರ ಸಂವಿಧಾನದ 78ನೇ ವಿಧಿ ಸಚಿವರ ನೇಮಕಕ್ಕೆ ಸಂಸತ್ತಿನ ‘ಮುಂಚಿತ ಅನುಮೋದನೆ’ ಬೇಕು ಎನ್ನುತ್ತದೆ. ಹಿಂದೆಯೇ ಆ ಅನುಮೋದನೆ ಪಡೆದು ಸಚಿವರಾಗಿರುವವರನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬದಲಿಸುವಾಗ ಅಧ್ಯಕ್ಷರು ಮತ್ತೆ ಸಂಸತ್ತಿಗೆ ಹೋಗುವ ರೂಢಿ ಇಲ್ಲ. ಹಾಗಾಗಿ ಹಳಬರು ಬೇಗ ಕುರ್ಚಿ ಹಿಡಿಯುತ್ತಾರೆ, ಹೊಸಬರು ಕಾಯುತ್ತಾರೆ. ಉಪಸಚಿವರಾಗಿದ್ದವರು ಸಚಿವರಾಗಬೇಕಾದರೆ ಅವರೂ ಹೊಸಬರ ಸಾಲಿನಲ್ಲೇ ನಿಲ್ಲಬೇಕು.

ಕರ್ನಾಟಕದ ಕ್ರಮಕ್ಕೆ ಒಗ್ಗಿದವರಿಗೆ ಇದು ತಲೆಕೆಳಗಾದ ವ್ಯವಸ್ಥೆಯಂತೆ ಕಾಣಬಹುದು. ನಮ್ಮಲ್ಲಿ ಮೊದಲು ಪ್ರಮಾಣವಚನ, ಆಮೇಲೆ ಖಾತೆ ಹಂಚಿಕೆ. 2023ರ ಮೇ 20ರಂದು ಸಿದ್ದರಾಮಯ್ಯನವರ ಜೊತೆ ಮೊದಲ ತಂಡ, ಮೇ 27ರಂದು ಉಳಿದ 24 ಮಂದಿ ಪ್ರಮಾಣವಚನ ಸ್ವೀಕರಿಸಿದರು. ಯಾರಿಗೆ ಯಾವ ಖಾತೆ ಎಂಬ ಲೆಕ್ಕಾಚಾರ ಆ ಬಳಿಕವೂ ನಡೆದಿತ್ತು. ಹೆಸರುಗಳನ್ನು ಒಪ್ಪಬೇಕೋ ಬೇಡವೋ ಎಂದು ವಿಧಾನಸಭೆಯನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇಲ್ಲ. ಘಾನಾದಲ್ಲಿ ಖಾತೆ ಮೊದಲು, ಪ್ರಮಾಣವಚನ ಕಟ್ಟಕಡೆಗೆ. ನಡುವೆ ಇರುವುದು ಸಂಸತ್ತು.

ಆ ನಡುವಿನ ಹಾದಿ ಹೀಗಿದೆ. ಅಧ್ಯಕ್ಷರ ಕಚೇರಿಯಿಂದ ಸ್ಪೀಕರ್‌ಗೆ ಪತ್ರ ಹೋಗುತ್ತದೆ. ಅದರಲ್ಲಿ ಹೆಸರುಗಳೂ ಉದ್ದೇಶಿತ ಖಾತೆಗಳೂ ಇರುತ್ತವೆ. ಸ್ಪೀಕರ್ ಅದನ್ನು ಸದನದಲ್ಲಿ ಓದಿ ನೇಮಕಾತಿ ಸಮಿತಿಗೆ ಒಪ್ಪಿಸುತ್ತಾರೆ. ಮೊದಲ ಉಪಸ್ಪೀಕರ್ ಈ ಸಮಿತಿಯ ಅಧ್ಯಕ್ಷರು. ಸದಸ್ಯರು ಪಕ್ಷಗಳ ಬಲಾಬಲಕ್ಕೆ ತಕ್ಕಂತೆ ಇರುತ್ತಾರೆ. ಸದನ ಸೇರಿಲ್ಲದಿದ್ದರೆ ಪತ್ರ ಓದುವವರೇ ಇಲ್ಲ. ಎಷ್ಟೋ ವಿಳಂಬಗಳಿಗೆ ಬೇರೆ ಕಾರಣ ಹುಡುಕಬೇಕಿಲ್ಲ, ಸಂಸತ್ತಿನ ರಜೆಯ ದಿನಗಳನ್ನು ನೋಡಿದರೆ ಸಾಕು.

ಸಮಿತಿ ಹೆಸರುಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ ಸಾರ್ವಜನಿಕರಿಂದ ಲಿಖಿತ ಆಕ್ಷೇಪ ಕರೆಯುತ್ತದೆ. ಪೊಲೀಸರಿಂದ, ಗುಪ್ತಚರ ಸಂಸ್ಥೆಯಿಂದ, ತೆರಿಗೆ ಇಲಾಖೆಯಿಂದ ವರದಿ ತರಿಸಿಕೊಳ್ಳುತ್ತದೆ. ತೆರಿಗೆ ಯಾಕೆಂದರೆ, ಸಚಿವರಾಗಲು ಸಂಸತ್ ಸದಸ್ಯರಾಗಿ ಆಯ್ಕೆಯಾಗುವ ಅರ್ಹತೆ ಇರಬೇಕು. ಆ ಅರ್ಹತೆಯನ್ನು ಹೇಳುವ 94ನೇ ವಿಧಿಯ ಪ್ರಕಾರ ತೆರಿಗೆ ಪೂರ್ತಿ ಕಟ್ಟಿರಬೇಕು, ಇಲ್ಲವೇ ಕಟ್ಟುವ ಏರ್ಪಾಡು ಮಾಡಿಕೊಂಡಿರಬೇಕು. ಬೇರೆ ದೇಶಕ್ಕೂ ನಿಷ್ಠೆ ಹೊಂದಿರುವವರು ಅದೇ ವಿಧಿಯಡಿ ಅನರ್ಹರು. ಲಂಡನ್‌ನಲ್ಲೋ ಅಮೆರಿಕದಲ್ಲೋ ವರ್ಷಗಟ್ಟಲೆ ಇದ್ದು ಅಲ್ಲಿನ ಪೌರತ್ವ ಪಡೆದ ತಜ್ಞರನ್ನು ಕರೆಸಿಕೊಳ್ಳುವ ಸರ್ಕಾರಕ್ಕೆ ಇದು ದೊಡ್ಡ ತೊಡಕು. ಆ ಪೌರತ್ವ ತ್ಯಜಿಸಿದ ಕಾಗದ ಕೈಯಲ್ಲಿಲ್ಲದೆ ಸಮಿತಿಯ ಮುಂದೆ ಹೋದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಆಮೇಲೆ ವಿಚಾರಣೆ. ಇಂಗ್ಲಿಷಿನ ‘ವೆಟ್ಟಿಂಗ್’ ಅಲ್ಲಿ ದಿನಬಳಕೆಯ ಮಾತು. ಅಭ್ಯರ್ಥಿ ಬೈಬಲ್ ಅಥವಾ ಕುರಾನ್ ಹಿಡಿದು ಪ್ರಮಾಣ ಮಾಡಿ, ಸಮಿತಿಗೆ ಎದುರಾಗಿ ಒಬ್ಬರೇ ಕೂರುತ್ತಾರೆ. ಟಿವಿಯಲ್ಲಿ ನೇರ ಪ್ರಸಾರ. ಖಾತೆಯ ಬಗ್ಗೆ ಮಾತ್ರ ಕೇಳುತ್ತಾರೆ ಎಂದುಕೊಳ್ಳಬೇಡಿ. ಹಳೆಯ ಭಾಷಣ, ಪದವಿ ಪತ್ರ, ವ್ಯಾಪಾರ, ಎಲ್ಲವೂ ಹೊರಬರುತ್ತವೆ. ಪದವಿ ಮುಗಿಸಿದವರು ಮಾಡಲೇಬೇಕಾದ ರಾಷ್ಟ್ರೀಯ ಸೇವೆ ಅಲ್ಲಿ ಪದೇಪದೇ ಎದ್ದುಬರುವ ಪ್ರಶ್ನೆ. 2017ರಲ್ಲಿ ಮಹಿಳೆ ಮತ್ತು ಮಕ್ಕಳ ಖಾತೆಗೆ ಹೆಸರಿಸಲಾದ ಒಟಿಕೊ ಜಾಬಾ ಆ ಸೇವೆ ಮಾಡಿಲ್ಲ ಎಂದು ವಿರೋಧ ಪಕ್ಷ ಪಟ್ಟು ಹಿಡಿದಿತ್ತು. ಹಿಂದಿನ ಅಧ್ಯಕ್ಷರ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಲು ಆಕೆ ಒಪ್ಪದ್ದು ಇನ್ನೊಂದು ತಕರಾರು. ಕೊನೆಗೆ ಬಹುಮತದಿಂದ ಅನುಮೋದನೆ ಸಿಕ್ಕಿತು.

ಸಮಿತಿ ಸಾಧ್ಯವಾದಷ್ಟು ಸರ್ವಾನುಮತಕ್ಕೆ ಯತ್ನಿಸುತ್ತದೆ. ಆಗದಿದ್ದರೆ ಇಡೀ ಸದನದ ಮುಂದೆ ಮತದಾನ. ರಹಸ್ಯ ಮತದಾನವಾದಾಗ ಪಕ್ಷದ ಆದೇಶ ಎಷ್ಟು ನಡೆಯುತ್ತದೆ ಎಂಬುದಕ್ಕೆ 2023ರ ಮಾರ್ಚ್ 24 ಸಾಕ್ಷಿ. ಹಣದುಬ್ಬರದಿಂದ ಜನ ಕಂಗೆಟ್ಟಿದ್ದಾಗ ಸರ್ಕಾರ ಚಿಕ್ಕದಾಗಬೇಕು, ಹೊಸ ಆರು ಹೆಸರುಗಳನ್ನು ತಿರಸ್ಕರಿಸಿ ಎಂದು ಆಗ ವಿರೋಧ ಪಕ್ಷವಾಗಿದ್ದ ಎನ್‌ಡಿಸಿಯ ನಾಯಕರು ತಮ್ಮ ಸದಸ್ಯರಿಗೆ ಹೇಳಿದ್ದರು. ಸದನದಲ್ಲಿ ಆಗ ಎರಡೂ ಪಕ್ಷಗಳ ಬಲ ಹೆಚ್ಚುಕಡಿಮೆ ಸಮವಾಗಿತ್ತು. ಎಣಿಕೆ ಮುಗಿದಾಗ ಆರೂ ಮಂದಿ ಗೆದ್ದಿದ್ದರು, ವಿರೋಧ ಪಕ್ಷದ ಸಾಲಿನಿಂದಲೇ ಮತ ಬಿದ್ದಿತ್ತು.

ಅನುಮೋದನೆ ಸಿಕ್ಕ ಮೇಲೂ ಒಂದು ಹೆಜ್ಜೆ ಬಾಕಿ. 80ನೇ ವಿಧಿಯಂತೆ ಪ್ರಮಾಣವಚನ ಸ್ವೀಕರಿಸದೆ ಕೆಲಸ ಶುರುಮಾಡುವಂತಿಲ್ಲ. ಅಕ್ರಾದ ಜುಬಿಲಿ ಹೌಸ್‌ನಲ್ಲಿ ಅಧ್ಯಕ್ಷರ ಎದುರು ಅದು ಮುಗಿಯುವವರೆಗೆ ಅವರು ‘ಮಿನಿಸ್ಟರ್-ಡೆಸಿಗ್ನೇಟ್’, ಅಂದರೆ ಹೆಸರಿಸಲಾದವರು ಅಷ್ಟೇ. ಸುದ್ದಿಯಲ್ಲಿ ಈ ಪದ ಕಂಡರೆ ಆ ವ್ಯಕ್ತಿಯ ಸಹಿಗೆ ಇನ್ನೂ ಬೆಲೆ ಬಂದಿಲ್ಲ ಎಂದು ತಿಳಿಯಿರಿ. ಅಲ್ಲಿಯವರೆಗೆ ಸಚಿವಾಲಯದ ದೈನಂದಿನ ಕೆಲಸವನ್ನು ಚೀಫ್ ಡೈರೆಕ್ಟರ್ ನೋಡಿಕೊಳ್ಳುತ್ತಾರೆ; ನಮ್ಮ ಇಲಾಖಾ ಕಾರ್ಯದರ್ಶಿಯ ಸ್ಥಾನದ ಅಧಿಕಾರಿ ಅವರು.

ಈಗ ನಿಮ್ಮ ಪ್ರಶ್ನೆಯ ಒಂದೇ ಪಟ್ಟಿಗೆ ಬರೋಣ. 2024ರ ಫೆಬ್ರವರಿ 14ರಂದು ಅಧ್ಯಕ್ಷ ನಾನಾ ಅಕುಫೊ-ಅಡ್ಡೊ ದೊಡ್ಡ ಪುನಾರಚನೆ ಮಾಡಿದರು. ಏಳು ವರ್ಷ ಹಣಕಾಸು ಖಾತೆ ಹಿಡಿದಿದ್ದ ಕೆನ್ ಒಫೊರಿ-ಅಟ್ಟಾಗೆ ಕೊಕ್. ಅದೇ ಸಚಿವಾಲಯದಲ್ಲಿ ರಾಜ್ಯ ಸಚಿವರಾಗಿದ್ದ ಮೊಹಮ್ಮದ್ ಅಮೀನ್ ಆಡಂಗೆ ಆ ಖಾತೆ. ಮಾಹಿತಿ ಸಚಿವ ಕೋಜೊ ಒಪ್ಪಾಂಗ್ ನ್ಕ್ರುಮಾಗೆ ಲೋಕೋಪಯೋಗಿ ಮತ್ತು ವಸತಿ. ಇವರಿಬ್ಬರೂ ಅನುಮೋದನೆ ಪಡೆದಿದ್ದ ಸಚಿವರೇ ಆದ್ದರಿಂದ ಮತ್ತೆ ವೆಟ್ಟಿಂಗ್ ಇಲ್ಲದೆ ಹೊಸ ಕುರ್ಚಿಗೆ ಹೋದರು. ಆದರೆ ನ್ಕ್ರುಮಾ ಬಿಟ್ಟುಹೋದ ಮಾಹಿತಿ ಖಾತೆಗೆ ಹೆಸರಾದ ಫಾತಿಮತು ಅಬೂಬಕರ್ ಅಲ್ಲಿ ಉಪಸಚಿವೆಯಾಗಿದ್ದವರು. ಅದೇ ಕಟ್ಟಡ, ಅದೇ ಕಡತ, ಆದರೂ ಅವರು ಸಮಿತಿಯ ಮುಂದೆ ಕೂರಬೇಕಾಯಿತು. ಆರೋಗ್ಯ ಖಾತೆಗೆ ಬಂದ ಬರ್ನಾರ್ಡ್ ಒಕೊಯೆ ಬೊಯೆ ಅವರದ್ದೂ ಅದೇ ಪಾಡು.

ಇಷ್ಟರಲ್ಲಿ ಸಂಸದರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಖಾತೆ ಬದಲಾದವರೂ ಹೊಸ ಖಾತೆಗಾಗಿ ಮತ್ತೆ ಸಂಸತ್ತಿನ ಒಪ್ಪಿಗೆ ಪಡೆಯಬೇಕು, ಅದಾಗುವವರೆಗೆ ಹೊಸಬರ ಅನುಮೋದನೆಯನ್ನೂ ತಡೆಹಿಡಿಯಬೇಕು ಎಂಬುದು ಅರ್ಜಿ. ಮಾರ್ಚ್ 20ರಂದು ಸ್ಪೀಕರ್ ಆಲ್ಬನ್ ಬಗ್ಬಿನ್ ಈ ಅರ್ಜಿಯನ್ನೇ ಮುಂದಿಟ್ಟು, ಹೆಸರುಗಳನ್ನು ಮತಕ್ಕೆ ಹಾಕದೆ ಸದನವನ್ನು ಅನಿರ್ದಿಷ್ಟಾವಧಿಗೆ ಮುಂದೂಡಿದರು. ಸಂಸತ್ತು ಅಂಗೀಕರಿಸಿದ ಮಸೂದೆಯೊಂದನ್ನು ಅಂಕಿತಕ್ಕೆ ಕಳಿಸಬೇಡಿ ಎಂದು ಅಧ್ಯಕ್ಷರ ಕಚೇರಿ ಬರೆದ ಪತ್ರದಿಂದ ಸದನ ಅದಾಗಲೇ ಕುದಿಯುತ್ತಿತ್ತು. ಮಾರ್ಚ್ 27ರಂದು ಕೋರ್ಟು ತಡೆಯಾಜ್ಞೆಯ ಅರ್ಜಿಯನ್ನು ವಜಾಗೊಳಿಸಿತು. ಆದರೆ ಸದನ ಸೇರಿರಲಿಲ್ಲ. ಹೆಸರಿಸಲಾದವರು ಕಾಯುತ್ತಲೇ ಇದ್ದರು.

ನನ್ನ ಮಟ್ಟಿಗೆ ಆ ಅರ್ಜಿಯ ಹಿಂದಿನ ಪ್ರಶ್ನೆ ಪೊಳ್ಳಲ್ಲ. ಒಬ್ಬರ ಜ್ಞಾನವನ್ನು ಸಮಿತಿ ಪರೀಕ್ಷಿಸಿದ್ದು ಮಾಹಿತಿ ಖಾತೆಗೆಂದು. ನಾಳೆ ಅವರಿಗೆ ಹಣಕಾಸು ಕೊಟ್ಟರೆ ಆ ಪರೀಕ್ಷೆಗೆ ಏನು ಅರ್ಥ? ಇನ್ನೊಂದು ಮಗ್ಗುಲೂ ಇದೆ: ಪ್ರತಿ ಬದಲಾವಣೆಗೂ ಸಂಸತ್ತಿಗೆ ಹೋಗಬೇಕೆಂದರೆ ತುರ್ತಿನಲ್ಲಿ ಸರ್ಕಾರ ನಡೆಯುವುದು ಕಷ್ಟ. ಸಂವಿಧಾನದ ಪಠ್ಯ ‘ಸಚಿವರು’ ಎನ್ನುತ್ತದೆ, ಖಾತೆಯ ಮಾತು ಎತ್ತುವುದಿಲ್ಲ. ರೂಢಿ ನಿಂತಿರುವುದು ಆ ಮೌನದ ಮೇಲೆ.

ಒಂದು ವಿಷಯವನ್ನಂತೂ ಕೋರ್ಟು ಹಿಂದೆಯೇ ಇತ್ಯರ್ಥ ಮಾಡಿದೆ. ಅಧ್ಯಕ್ಷ ಜೆರ್ರಿ ರಾಲಿಂಗ್ಸ್ ಎರಡನೇ ಅವಧಿಗೆ ಗೆದ್ದಾಗ ಹಳೆಯ ಸಚಿವರನ್ನು ಹಾಗೆಯೇ ಮುಂದುವರಿಸಿದರು. ವಿರೋಧ ಪಕ್ಷದ ಜೆ.ಎಚ್. ಮೆನ್ಸಾ ಅದನ್ನು ಪ್ರಶ್ನಿಸಿದರು. ಹೊಸ ಸಂಸತ್ತು ಬಂದ ಮೇಲೆ ಮುಂದುವರಿಯುವ ಸಚಿವರಿಗೂ ಅದರ ಅನುಮೋದನೆ ಬೇಕು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪಿತ್ತಿತು. ಅಂದರೆ ಒಮ್ಮೆ ಸಿಕ್ಕ ಅನುಮೋದನೆಯ ಆಯಸ್ಸು ಹೆಚ್ಚೆಂದರೆ ನಾಲ್ಕು ವರ್ಷ.

ತೆಗೆಯುವುದಕ್ಕೆ ಮಾತ್ರ ಇಷ್ಟೊಂದು ಸುತ್ತಿಲ್ಲ. 81ನೇ ವಿಧಿಯಡಿ ಅಧ್ಯಕ್ಷರು ನೇಮಕ ರದ್ದುಪಡಿಸಿದರೆ ಮುಗಿಯಿತು. ತಿಂಗಳುಗಟ್ಟಲೆ ಕೆಲಸಕ್ಕೆ ಹಾಜರಾಗದ ಸಚಿವೆಯೊಬ್ಬರನ್ನು 2022ರ ಜುಲೈನಲ್ಲಿ ಹೀಗೆಯೇ ಕೈಬಿಡಲಾಯಿತು. ಸಂಸತ್ತು ತಾನಾಗಿ ತೆಗೆಯಲು ಹೊರಟರೆ ದಾರಿ ಕಡಿದಾದದ್ದು: ಮೂರನೇ ಒಂದರಷ್ಟು ಸದಸ್ಯರ ಸಹಿಯ ನೋಟಿಸ್, ಕೊನೆಗೆ ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು ಮತ. 275 ಸದಸ್ಯರ ಸದನದಲ್ಲಿ 183 ದಾಟಬೇಕು. 2022ರ ಡಿಸೆಂಬರ್ 8ರಂದು ಒಫೊರಿ-ಅಟ್ಟಾ ವಿರುದ್ಧದ ಖಂಡನಾ ನಿರ್ಣಯಕ್ಕೆ ಬಿದ್ದದ್ದು 136. ಕೆಲವೇ ವಾರಗಳ ಹಿಂದೆ ಅವರನ್ನು ತೆಗೆಯಿರಿ ಎಂದು ಬಹಿರಂಗವಾಗಿ ಕೇಳಿದ್ದ ಆಡಳಿತ ಪಕ್ಷದ ಸದಸ್ಯರು ಮತದ ಹೊತ್ತಿಗೆ ಸಭಾತ್ಯಾಗ ಮಾಡಿದ್ದರು. ನಿರ್ಣಯ ಗೆದ್ದಿದ್ದರೂ ಅಧ್ಯಕ್ಷರು ತೆಗೆಯ‘ಬಹುದು’ ಎಂದಷ್ಟೇ ಸಂವಿಧಾನ ಹೇಳುವುದು.

ಸಂಖ್ಯೆಯ ವಿಚಾರದಲ್ಲಿ ಸುದ್ದಿಮನೆಗಳೂ ಎಡವುತ್ತವೆ. ಸಂಪುಟ ಬೇರೆ, ಸಚಿವರ ಬಳಗ ಬೇರೆ. 76ನೇ ವಿಧಿಯಂತೆ ಸಂಪುಟದಲ್ಲಿ ಅಧ್ಯಕ್ಷ, ಉಪಾಧ್ಯಕ್ಷರ ಜೊತೆ ಕನಿಷ್ಠ 10, ಗರಿಷ್ಠ 19 ಸಚಿವರು. ಸಂಪುಟದ ಹೊರಗೆ ಎಷ್ಟು ಸಚಿವರಿರಬೇಕು ಎಂಬುದಕ್ಕೆ ಮಿತಿಯೇ ಇಲ್ಲ. ಹಾಗಾಗಿಯೇ 2017ರಲ್ಲಿ ಉಪಸಚಿವರು, ಪ್ರಾಂತ ಸಚಿವರು ಎಲ್ಲ ಸೇರಿ 110 ಮಂದಿಯಾದರು. 224 ಸ್ಥಾನಗಳ ಕರ್ನಾಟಕದಲ್ಲಿ ಶೇ 15ರ ಮಿತಿಯಿಂದ 34ಕ್ಕೆ ನಿಲ್ಲುವುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಸಚಿವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂಸದರೇ ಆಗಿರಬೇಕು ಎಂಬ ನಿಯಮ ಬೇರೆ ಇದೆ. ಸರ್ಕಾರವನ್ನು ಪ್ರಶ್ನಿಸಬೇಕಾದ ಆಡಳಿತ ಪಕ್ಷದ ಸದಸ್ಯರು ಮುಂದಿನ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಾ ಕೂರುವಂತೆ ಮಾಡಿದ್ದು ಈ ನಿಯಮವೇ. ಇಡೀ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿ ಇದು ಎಂದು ನನಗನಿಸುತ್ತದೆ.

2025ರ ಜನವರಿಯಲ್ಲಿ ಮರಳಿ ಅಧಿಕಾರಕ್ಕೆ ಬಂದ ಜಾನ್ ಮಹಾಮ 60 ಸಚಿವರನ್ನು ಮೀರುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಸಚಿವಾಲಯಗಳನ್ನು 30ರಿಂದ 23ಕ್ಕೆ ಇಳಿಸಿದರು. ರೈಲ್ವೆ, ಮಾಹಿತಿಯಂಥ ಪ್ರತ್ಯೇಕ ಸಚಿವಾಲಯಗಳು ಹೋದವು. ಸಾಂಪ್ರದಾಯಿಕ ಅರಸರ ಮತ್ತು ಧಾರ್ಮಿಕ ವ್ಯವಹಾರ ಸ್ಥಳೀಯ ಆಡಳಿತದೊಳಗೆ ಸೇರಿತು. ಹೆಸರಿಸಿದವರನ್ನು ಸಂಸತ್ತು ಒಪ್ಪಬೇಕು, ಆದರೆ ಸಚಿವಾಲಯಗಳನ್ನು ಕೂಡಿಸಿ ಕಳೆಯಲು ಅಧ್ಯಕ್ಷರ ಆದೇಶವೊಂದು ಸಾಕು. ಸದನದಲ್ಲಿ ಭಾರೀ ಬಹುಮತವಿದ್ದರೂ ವೆಟ್ಟಿಂಗ್ ಸಲೀಸಾಗಿ ನಡೆಯಲಿಲ್ಲ. ಜನವರಿ 30ರ ರಾತ್ರಿ, ಆ ದಿನ ಎಷ್ಟು ಮಂದಿಯನ್ನು ವಿಚಾರಿಸಬೇಕು ಎಂಬ ಜಗಳ ಕೈಕೈ ಮಿಲಾಯಿಸುವವರೆಗೆ ಹೋಗಿ ಮೇಜು, ಮೈಕುಗಳು ಮುರಿದವು. ಸ್ಪೀಕರ್ ನಾಲ್ವರು ಸದಸ್ಯರನ್ನು ಅಮಾನತು ಮಾಡಿದರು.

ಹಠಾತ್ತನೆ ಖಾತೆ ತೆರವಾದರೆ? 2025ರ ಆಗಸ್ಟ್ 6ರಂದು ಅಕ್ರಾದಿಂದ ಒಬುವಾಸಿಗೆ ಹೊರಟ ಸೇನಾ ಹೆಲಿಕಾಪ್ಟರ್ ಪತನವಾಗಿ ರಕ್ಷಣಾ ಸಚಿವ ಎಡ್ವರ್ಡ್ ಒಮಾನೆ ಬೋಮಾ, ಪರಿಸರ ಸಚಿವ ಇಬ್ರಾಹಿಂ ಮುರ್ತಲಾ ಮೊಹಮ್ಮದ್ ಸೇರಿ ಎಂಟು ಮಂದಿ ತೀರಿಕೊಂಡರು. ಹೊಸಬರ ಹೆಸರು ಕಳಿಸಿ ವೆಟ್ಟಿಂಗ್‌ಗೆ ಕಾಯುವ ಹೊತ್ತು ಅದಾಗಿರಲಿಲ್ಲ. ಹಣಕಾಸು ಸಚಿವ ಕ್ಯಾಸಿಯಲ್ ಅಟೊ ಫೋರ್ಸನ್‌ಗೆ ರಕ್ಷಣೆ, ಭೂಮಿ ಮತ್ತು ನೈಸರ್ಗಿಕ ಸಂಪನ್ಮೂಲ ಸಚಿವ ಎಮ್ಯಾನುಯೆಲ್ ಅರ್ಮಾ-ಕೋಫಿ ಬುವಾಗೆ ಪರಿಸರ, ಎರಡನ್ನೂ ಹೆಚ್ಚುವರಿ ಹೊಣೆಯಾಗಿ ವಹಿಸಲಾಯಿತು. ಇಬ್ಬರೂ ಸಂಸತ್ತು ಅದಾಗಲೇ ಒಪ್ಪಿದ್ದ ಸಚಿವರು.